ಲವಂಗದ ಎಣ್ಣೆ

ನಲವತ್ತೊಂದು ವರ್ಷ ಜನರಿಗೆ ಹೇಳಿದ್ದು ಒಂದೇ ಮಾತು:
ಬಾಯಿ ತೆಗೆಯಿರಿ. ಇನ್ನೂ ಸ್ವಲ್ಪ.
ಈಗ ತಿಂಗಳಿಗೊಮ್ಮೆ, ಒಣ ಬಿಸಿಲಿನ ಬೆಳಿಗ್ಗೆ ನೋಡಿ,
ನನ್ನ ಬಾಯಿ ಮುಚ್ಚುತ್ತೇನೆ.
ಮಡಿಸಿದ ಕಾಗದವೊಂದನ್ನು ಹಲ್ಲಲ್ಲಿ ಕಚ್ಚಿ
ಚಾಪೆಯ ಮೇಲೆ ಮಂಡಿಯೂರುತ್ತೇನೆ.
ಉಸಿರು ತಾಗಬಾರದು, ಎಂಜಲು ಸಿಡಿಯಬಾರದು.
ಒಂದು ಹನಿ ಮಾತು ಸಾಕು
ಉಕ್ಕಿಗೆ ತುಕ್ಕು.

ಮನೆಯ ವಾಸನೆ ಮಾತ್ರ ಬದಲಾಗಿಲ್ಲ.
ಹುಳುಕು ಹಲ್ಲಿಗೆ ಹತ್ತಿಯಲ್ಲದ್ದಿ ಇಟ್ಟ ಲವಂಗದೆಣ್ಣೆಯೇ
ಈಗ ತೆಳುವಾಗಿ, ಕತ್ತಿಗೆ.
ಕುರಾಯೋಶಿಯ ಈ ಓಣಿಯ ಮಕ್ಕಳು
ಇವತ್ತಿಗೂ ನನ್ನ ಬಾಗಿಲು ದಾಟುವಾಗ
ಕೆನ್ನೆ ಹಿಡಿದುಕೊಳ್ಳುತ್ತಾರೆ.

ಕೊಟ್ಟವಳು ಟೊಕಿವಾ ಅಜ್ಜಿ, ಮಿಸಾಸದ ಗುಡ್ಡದವಳು.
ಮೇಲಿನ ದವಡೆ, ಕೆಳಗಿನ ದವಡೆ, ಎರಡೂ ಕಟ್ಟಿಸಿಕೊಂಡು
ಕನ್ನಡಿಯಲ್ಲಿ ನಕ್ಕು ನೋಡಿ
'ಹಲ್ಲು ಬಂತು ಡಾಕ್ಟ್ರೇ, ಕಡಲೆಗೆ ಕಾಸಿಲ್ಲ' ಅಂದಳು.
ಮರುವಾರ ಮೂಲಂಗಿ ಸೊಪ್ಪಿನ ಕೆಳಗೆ
ಉದ್ದನೆಯ ಗಂಟು.
ಯುದ್ಧ ಸೋತ ವರ್ಷ, ಪರದೇಶದ ಸಿಪಾಯಿಗಳು
ಮನೆಮನೆಯ ಕತ್ತಿ ಎಣಿಸುವಾಗ
ಅವಳ ಮಾವ ಅಟ್ಟದ ತೊಲೆಗೆ ಬಿಗಿದಿದ್ದನಂತೆ.
ತೊಲೆ ಅಂತಲೇ ಎಲ್ಲರೂ ನಂಬಿದರಂತೆ,
ಕೊನೆಕೊನೆಗೆ ಮಾವನೂ.

ಪೊಲೀಸ್ ಠಾಣೆ, ಅರ್ಜಿ, ಶಿಕ್ಷಣ ಇಲಾಖೆಯ ಮುದ್ರೆ.
ಕತ್ತಿಗೆ ಶಿಕ್ಷಣ ಇಲಾಖೆ ಯಾಕೋ
ಕೇಳುವ ಧೈರ್ಯ ನನಗೆ ಬರಲಿಲ್ಲ.

ಹಿತ್ತಾಳೆಯ ಪುಟ್ಟ ಸುತ್ತಿಗೆಯಿಂದ ಬಿದಿರಿನ ಮೊಳೆ ತಟ್ಟುತ್ತೇನೆ.
ಹಿಡಿ ಕಳಚುತ್ತದೆ.
ಹಳೆಯ ಎಣ್ಣೆ ಒರೆಸುವುದು ಬುಡದಿಂದ ತುದಿಗೆ, ಒಂದೇ ದಿಕ್ಕು;
ಹಿಂದೆ ಎಳೆದರೆ ಬೆರಳು ಹೋದೀತು.
ರೇಷ್ಮೆ ಗಂಟಿನಲ್ಲಿ ಕಲ್ಲಿನ ಹಿಟ್ಟು,
ಮಿಂದ ಕೂಸಿಗೆ ಪೌಡರು ಹಚ್ಚಿದ ಹಾಗೆ
ತಪ್ ತಪ್ ತಪ್.
ಮತ್ತೆ ಒರೆಸಿ, ಎಕ್ಸ್‌ರೇ ಹಿಡಿದು ನೋಡುವಂತೆ
ದೀಪಕ್ಕೆ ಓರೆ ಹಿಡಿಯುತ್ತೇನೆ.
ತುದಿಯ ಹತ್ತಿರ ಸಾಸಿವೆಯಷ್ಟು ಮುಕ್ಕು.
ಇದನ್ನು ತುಂಬುವ ಸಿಮೆಂಟು ಎಲ್ಲೂ ಇಲ್ಲ.

ಆಮೇಲೆ ಬುಡ.
ಹಿಡಿಯೊಳಗೆ ಹುದುಗಿರಬೇಕಾದ್ದು, ಒಸಡಿನೊಳಗಿನ ಬೇರಿನಂತೆ,
ಕಪ್ಪುಗಪ್ಪು.
ಕರೆ ಕಂಡರೆ ಕೆರೆಯುವುದು ನನ್ನ ಕಸುಬು;
ಕೈ ತುರಿಸುತ್ತದೆ.
ಮುಟ್ಟಬೇಡಿ, ಅಂದಿದ್ದ ಸಾಣೆಗಾರ ಸೊಗಾಬೆ.
ಹೊಳಪು ನಾನು ಕೊಟ್ಟೇನು,
ಈ ಕಪ್ಪು ಕೊಡಲಾರೆ.

ಆ ಕಪ್ಪಿನಲ್ಲಿ ಐದಕ್ಷರದ ಹೆಸರು.
ಉಕ್ಕು ಒಳ್ಳೆಯದೇ, ಅಂದ ಸೊಗಾಬೆ, ಕನ್ನಡಕ ತೆಗೆದು,
ಹೆಸರು ಮಾತ್ರ ಆಮೇಲೆ ಯಾರೋ ಕೊರೆದದ್ದು.
ಆ ಕಮ್ಮಾರನ ಉಳಿ ಎಡದಿಂದ ಹೊರಡುತ್ತಿತ್ತು,
ಇದು ಬಲದಿಂದ.
ಅಳಿಸಿಬಿಡಿ, ಪ್ರಮಾಣಪತ್ರ ಸಿಗುತ್ತದೆ,
ಬೆಲೆ ನಾಲ್ಕು ಪಟ್ಟು.

ಎಷ್ಟು ಹಲ್ಲು ಕಿತ್ತೆನೋ ಲೆಕ್ಕವಿಲ್ಲ.
ಕೀಳಬಾರದಿದ್ದವೂ ಇದ್ದವು;
ಒಂದು ವಾರ ಕಾದಿದ್ದರೆ ಉಳಿಯುತ್ತಿದ್ದವು.
ಅದರಲ್ಲೊಂದು ನನ್ನ ತಂಗಿ ಮಿಚಿಯೊಳದು.
ಅವಳು ಈಗಲೂ ಎಡಕ್ಕೆ ಅಗಿಯುವುದಿಲ್ಲ.

ಆ ಸುಳ್ಳುಗಾರನನ್ನು ನೆನೆಯುತ್ತೇನೆ.
ಸಾಲವಿತ್ತೋ, ಅನ್ನವಿರಲಿಲ್ಲವೋ,
ಅಥವಾ ಆ ಹೆಸರಿನ ಮೇಲೆ ಬರೀ ಆಸೆಯೋ.
ನಾಲ್ಕನೆಯ ಅಕ್ಷರದಲ್ಲಿ ಉಳಿ ಚೂರು ಜಾರಿದೆ.
ಹೊರಗೆ ಯಾರದೋ ಹೆಜ್ಜೆ ಕೇಳಿಸಿರಬೇಕು.
ಆ ಬೆದರಿಗೂ ಈಗ ಇನ್ನೂರು ವರ್ಷದ ತುಕ್ಕು ಕೂತಿದೆ,
ಗೀರಿನೊಳಗೆ, ಸಮವಾಗಿ.

ಸೊಗಾಬೆಗೆ ಫೋನು ಮಾಡಿ ಬೇಡ ಅಂದೆ.
ಅವನು ಸುಮ್ಮನಿದ್ದು, ಮಳೆ ಬಂತಾ ಅಲ್ಲಿ, ಅಂದ.

ಹೊಸ ಎಣ್ಣೆ ಸವರಿ, ಹಿಡಿ ತೊಡಿಸಿ, ಮೊಳೆ ಒತ್ತಿ,
ಒರೆಗೆ ಸೇರಿಸಿದ ಮೇಲೆ
ಬಾಯಿಂದ ಕಾಗದ ತೆಗೆಯುತ್ತೇನೆ.
ಅಂಚು ಒದ್ದೆ. ಎರಡು ಸಾಲು ಹಲ್ಲಿನ ಗುರುತು,
ಕೆಳಗೆ ಬಲಕ್ಕೆ ಒಂದು ತೆರಪು.
ಎಷ್ಟು ರಾಶಿಯಲ್ಲಿ ಹಾಕಿದರೂ ಇದು ನಂದೇ ಅಂದೇನು.
ಬುಟ್ಟಿಗೆ ಹಾಕಿ
ಅಡುಗೆಮನೆಗೆ ಕೂಗುತ್ತೇನೆ: ಚಹಾ ಆಯ್ತಾ?